ಹುಲಿಗೆಮ್ಮನ ಕಣ್ಣು

ಗುಲಾಮ್ ದಸ್ತಗೀರನ ಕೈ ಮೊದಲ ಸಲ ತಪ್ಪಿದ್ದು ಒಂದು ನವಿಲಿನ ಕೊರಳ ಮೇಲೆ. ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ ಲಾರಿಗಳು ನಿಲ್ಲುವ ಬಯಲಿನಲ್ಲಿ, ಬಿಸಿಲೇರುವ ಮೊದಲು, ಮಾನ್ವಿಯ ಯಂಕೋಬ ಸಾವ್ಕಾರನ ಹೊಸ ಲಾರಿಯ ಹಿಂಬಾಗಿಲಿಗೆ ಅವನು ನವಿಲು ಬರೆಯುತ್ತಿದ್ದ. ನವಿಲೇನು ಅವನಿಗೆ ಹೊಸದೇ? ಹೈದರಾಬಾದಿನಿಂದ ಬಳ್ಳಾರಿಯವರೆಗೆ ಯಾವ ಲಾರಿಯ ಬೆನ್ನು ಕಂಡರೂ ಡ್ರೈವರುಗಳು 'ಇದು ದಸ್ತಗೀರ್ ಉಸ್ತಾದನ ಕೈ, ಇದಲ್ಲ' ಎಂದು ಥಟ್ಟನೆ ಹೇಳುತ್ತಿದ್ದ ಕಾಲ ಅದು. ಅಂಥವನ ಕುಂಚ ನೀಲಿ ಕೊರಳಿನ ನಟ್ಟನಡುವೆ ತಾನೇ ತಾನಾಗಿ ಥರಗುಟ್ಟಿ, ಪಕ್ಕಕ್ಕೆ ಜಾರಿ, ಸೊಟ್ಟ ಗೆರೆಯೊಂದನ್ನು ಎಳೆದುಬಿಟ್ಟಿತು. ಅತ್ತಿತ್ತ ನೋಡಿದ. ಪುಣ್ಯಕ್ಕೆ ಯಾರೂ ಇರಲಿಲ್ಲ. ಸೊಟ್ಟ ಗೆರೆಗೆ ನಾಲ್ಕು ಎಲೆ ಹಚ್ಚಿ ಬಳ್ಳಿ ಮಾಡಿದ.

ಸಂಜೆ ಯಂಕೋಬ ಬಂದು ಸುತ್ತ ತಿರುಗಿ ನೋಡಿದ. "ಈ ಬಳ್ಳಿ ಹೊಸಾದು ಹಾಕೀರಲ್ರೀ ಉಸ್ತಾದ್! ಭಾಳ ಚಂದ ಆಗ್ಯದ" ಎಂದ. ದಸ್ತಗೀರ ನಕ್ಕ. ಇಷ್ಟು ವರ್ಷದಲ್ಲಿ ತಾನು ಬರೆಯದ ಗೆರೆಗೆ ಅವನು ಹೊಗಳಿಸಿಕೊಂಡದ್ದು ಅದೇ ಮೊದಲು.

ಆಮೇಲೆ ಬಳ್ಳಿಗಳು ಹೆಚ್ಚುತ್ತ ಹೋದವು. ಹೂವು, ಎಲೆ, ಮೋಡ, ಚಿಕ್ಕೆ. ಕೈ ಎಲ್ಲಿ ಜಾರಿತೋ ಅಲ್ಲೊಂದು. 'ಉಸ್ತಾದ್ ಈಗೀಗ ಭಾಳ ನಾಜೂಕು ಬರೀತಾನ' ಎಂದು ಬಯಲಿನ ಜನ ಮಾತಾಡಿಕೊಂಡರು. ಜನರ ಕಣ್ಣೆಂದರೆ ಅಷ್ಟೇ ನೋಡಿ, ತೋರಿಸಿದ್ದನ್ನು ಕಾಣುತ್ತವೆ. ಆದರೆ ಹೆಂಡತಿ ಹೀರಾಬಿಯ ಕಣ್ಣಿಗೆ ಮಣ್ಣೆರಚಲು ಯಾರಿಂದಾದೀತು? ತೀನ್ ಕಂದೀಲ್ ಚೌಕದ ಹತ್ತಿರದ ಗಲ್ಲಿಯ ಮನೆಯಲ್ಲಿ ಬೆಳಗಿನ ಚಹಾ ಕೊಡುವಾಗ ಬಸಿಯ ಮೇಲೆ ಕಪ್ಪು ಕಟಕಟ ಎನ್ನುವುದನ್ನು ಅವಳು ಕೇಳಿದ್ದಳು. ಮರುದಿನದಿಂದ ಚಹಾವನ್ನು ಸ್ಟೀಲಿನ ಲೋಟದಲ್ಲಿ, ಅರ್ಧ ಮಾತ್ರ ತುಂಬಿಸಿ ಕೊಡತೊಡಗಿದಳು. ಆ ಅರ್ಧ ಲೋಟ ನೋಡಿ ದಸ್ತಗೀರನಿಗೆ ಅವಳಿಗೆ ಗೊತ್ತಾಗಿದೆ ಎಂದು ಗೊತ್ತಾಯಿತು. ಇಬ್ಬರೂ ಹೋಗಿ ಡಾಕ್ಟರಿಗೆ ತೋರಿಸಿದರು. ಇದು ನರದ ದೋಷ, ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ, ಕೈಗೆ ಕೆಲಸ ಕಡಿಮೆ ಮಾಡು ಎಂದು ಡಾಕ್ಟರು ಹೇಳಿದರು. ಕೈ ಬಿಟ್ಟು ಇವನಿಗೆ ಇನ್ನೇನಿತ್ತು?

ಊಟದ ಚಿಂತೆಯಲ್ಲ ಅದು. ಇದ್ದೊಬ್ಬ ಮಗಳು ಯರಗೇರಾಕ್ಕೆ ಮದುವೆಯಾಗಿ ಹೋಗಿದ್ದಳು, ಗಂಡಹೆಂಡಿರಿಬ್ಬರ ಹೊಟ್ಟೆ ಹೇಗೋ ತುಂಬುತ್ತಿತ್ತು. ಅವನಿಗೆ ಹೆದರಿಕೆಯಿದ್ದದ್ದು ಮಹಾನವಮಿಯದು. ಮಾನ್ವಿ ಕಡೆಯ ಲಾರಿಯವರಲ್ಲಿ ಒಂದು ಪದ್ಧತಿ. ಲಾರಿಯ ಹಣೆಯ ಮೇಲೆ, ಮುಂಗಾಜಿನ ಮೇಲಿನ ಹಲಗೆಯಲ್ಲಿ, ಹುಲಿಗೆಮ್ಮನ ಮುಖ ಬರೆಸಿರುತ್ತಾರೆ. ವರ್ಷವಿಡೀ ಬಿಸಿಲು ಧೂಳು ತಿಂದು ಮಾಸಿದ ಆ ಮುಖಕ್ಕೆ ಆಯುಧಪೂಜೆಯ ಹೊತ್ತಿಗೆ ಬರೆದವನೇ ಬಂದು ಹೊಸದಾಗಿ ಕಣ್ಣು ಬಿಡಿಸಬೇಕು. ಮಾಲೀಕ, ಡ್ರೈವರು, ಕ್ಲೀನರು, ಅವರ ಮನೆಯ ಹೆಂಗಸರು ಮಕ್ಕಳು ಎಲ್ಲ ಕೈಮುಗಿದು ಸುತ್ತ ನಿಂತಿರುತ್ತಾರೆ. ಉಸ್ತಾದ ಬಂಪರ್ ಹತ್ತಿ ಎರಡು ಕಣ್ಣು ಬರೆದ ಮೇಲೆಯೇ ಕಾಯಿ ಒಡೆಯುವುದು. ಬಂದವನು ಸಾಬರವನು ಎಂದು ಯಾವ ಅಮ್ಮನೂ ಕಣ್ಣು ಬಿಡೆನೆಂದು ಹಠ ಮಾಡಿದ್ದಿಲ್ಲ. ಅವನ ತಲೆಗೆ ರುಮಾಲು ಸುತ್ತಿ, ಕಾಯಿ ಎಲೆಅಡಿಕೆ ಕೊಟ್ಟು ಯಂಕೋಬ ತಾನೇ ಬಸ್ಸಿನ ತನಕ ಕಳಿಸಿ ಬರುತ್ತಿದ್ದ. ಅಷ್ಟು ಜನರ ನಡುವೆ, ಅಷ್ಟು ಕಣ್ಣುಗಳ ಎದುರು ಕೈ ನಡುಗಿದರೆ ಯಾವ ಬಳ್ಳಿ ಹಬ್ಬಿಸುವುದು? ದೇವಿಯ ಕಣ್ಣಿನಲ್ಲಿ ಬಳ್ಳಿ ಬೆಳೆಯುತ್ತದೆಯೇ?

ಆ ವರ್ಷ ಜ್ವರ ಬಂದಿದೆ ಎಂದು ಸುಳ್ಳು ಹೇಳಿಕಳಿಸಿ ಮನೆಯಲ್ಲೇ ಮುಸುಕು ಹಾಕಿ ಮಲಗಿದ. ಒಂದು ವರ್ಷಕ್ಕೆ ಜ್ವರ ಸರಿ. ಪ್ರತಿ ನವಮಿಗೂ ಬರುವ ಜ್ವರ ಇದೆಯೇ?

ಇಂಥ ಹೊತ್ತಿನಲ್ಲಿ ಎನಾಮೆಲ್ ಡಬ್ಬಿ ತರಲು ಹೈದರಾಬಾದಿಗೆ ಹೋದವನು ಅಲ್ಲೊಂದು ಅಂಗಡಿಯ ಮುಂದೆ ಕಾಲು ಕಿತ್ತಿಡದೆ ನಿಂತುಬಿಟ್ಟ. ಒಳಗೆ ಉದ್ದನೆಯ ಮೇಜು. ಅದರ ಮೇಲೆ ಬಟ್ಟೆ ಬಿಗಿದ ಮರದ ಚೌಕಟ್ಟು. ಒಬ್ಬ ಹುಂಬನಂಥ ಹುಡುಗ ಬೀಡಿ ಕಚ್ಚಿಕೊಂಡು, ಮೇಲೆ ಬಣ್ಣ ಸುರಿದು, ರಬ್ಬರಿನ ಪಟ್ಟಿಯಿಂದ ಎಳೆಯುತ್ತಿದ್ದ. ಚೌಕಟ್ಟು ಎತ್ತಿದರೆ ಕೆಳಗಿನ ಅಂಟುಹಾಳೆಯ ಮೇಲೆ ಬಾಗಿಲಷ್ಟು ದೊಡ್ಡ ಹುಲಿ! ಮತ್ತೊಂದು ಹಾಳೆ, ಮತ್ತದೇ ಹುಲಿ, ಮೀಸೆಯ ಒಂದು ಕೂದಲು ಹೆಚ್ಚುಕಮ್ಮಿಯಿಲ್ಲ. ಎಳೆಯುವವನ ಕೈ ಸ್ಥಿರವಾಗಿತ್ತೇ ಎಂದರೆ, ಅವನು ಬೀಡಿಯ ಬೂದಿ ಕೊಡವುತ್ತ, ಯಾರಿಗೋ ಬೈಯುತ್ತ ಎಳೆಯುತ್ತಿದ್ದ. ಬಸ್ಸಿನ ಮೈಗೆ, ಅಂಗಡಿಯ ಗಾಜಿಗೆ, ಎಲ್ಲಿ ಬೇಕಾದರಲ್ಲಿ ಅಂಟಿಸಬಹುದು ಎಂದು ಅಂಗಡಿಯವರು ಹೇಳಿದರು. ಒಂದೇ ಒಂದು ಸಲ ಸರಿಯಾಗಿ ಬರೆದು ಬಟ್ಟೆಗೆ ಇಳಿಸಿದರೆ ಸಾಕು, ಬಣ್ಣ ಆ ಗೆರೆಗಳಲ್ಲಷ್ಟೇ ಸೋರಿ ಹಾಳೆ ಹಾಳೆಗೂ ಅದೇ ಬೀಳುತ್ತದೆ, ಆ ಚಿತ್ರ ಹೋಗುವುದೇ ಇಲ್ಲ. ದಸ್ತಗೀರನಿಗೆ ಅಂಗಡಿಯ ಬಾಗಿಲಲ್ಲೇ ಅಳು ಬಂತು. ಒಂದೇ ಒಂದು ಸಲ! ಅಷ್ಟನ್ನು ಈ ಕೈ ಕೊಡಲಾರದೇ?

ಕೆಲಸ ಕಲಿಯುವ ತನಕ ಅಲ್ಲೇ ಠಿಕಾಣಿ ಹಾಕಿ, ಸಾಮಾನು ಹೊತ್ತುಕೊಂಡು ಊರಿಗೆ ಬಂದ. ಅಷ್ಟು ದೊಡ್ಡ ಮೇಜು ಎಲ್ಲಿಂದ ತರುವುದು? ಹೀರಾಬಿ ಮನೆಯ ಮುಂಬಾಗಿಲು ತೋರಿಸಿದಳು. ಅದನ್ನೇ ಕೀಲಿನಿಂದ ಕಳಚಿ ಕಲ್ಲಿನ ಕಂಬಗಳ ಮೇಲಿಟ್ಟರು. ಬಾಗಿಲಿಗೆ ಗೋಣಿತಾಟಿನ ಪರದೆ ಬಂತು. ಬೀದಿಯ ನಾಯಿ ಒಳಗೆ ಬಂದು ರೊಟ್ಟಿ ಕಚ್ಚಿಕೊಂಡು ಹೋದರೆ ಅವಳು ಇನ್ನೊಂದು ರೊಟ್ಟಿ ಬಡಿದಳು.

ಕಷ್ಟದ್ದು ಆ ಒಂದು ಸಲದ ಬರವಣಿಗೆ. ನಸುಕಿನ ಫಜರಿನ ನಮಾಜು ಮುಗಿದ ಮೇಲೆ ಸ್ವಲ್ಪ ಹೊತ್ತು ಕೈ ತನ್ನ ಮಾತು ಕೇಳುತ್ತದೆ ಎಂದು ಅವನು ಕಂಡುಕೊಂಡಿದ್ದ. ಹೀರಾಬಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ, ಅವನ ಮುಂಗೈಗೆ ಕಾವು ಕೊಡುತ್ತಿದ್ದಳು. ಕಾವು ಆರುವುದರೊಳಗೆ ಎಷ್ಟಾಯಿತೋ ಅಷ್ಟು. ಒಂದು ದಿನ ಮೂಗು, ಒಂದು ದಿನ ಮೂಗುತಿ. ಬಹಳಷ್ಟು ದಿನ ಏನೂ ಇಲ್ಲ, ಹಾಳೆ ಹರಿದು ಒಲೆಗೆ ಹಾಕುವುದು. ಚಳಿಗಾಲವೆಲ್ಲ ಹೀಗೇ ಹೋಯಿತು. ಹುಲಿಗೆಮ್ಮನ ಮುಖ, ಕಿರೀಟ, ಬೈತಲೆ ಎಲ್ಲ ಮುಗಿದರೂ ಕಣ್ಣಿನ ಜಾಗ ಖಾಲಿಯಿತ್ತು. ಆಮೇಲೊಂದು ಬೆಳಗು, ಹೀರಾಬಿ ಇಟ್ಟಿಗೆ ತರಲು ಎದ್ದು ಹೋದಾಗ, ಉಸಿರು ಹಿಡಿದು ಕುಂಚ ಇಟ್ಟ. ಉಸಿರು ಬಿಡುವುದರೊಳಗೆ ಎರಡೂ ಕಣ್ಣು ಬಂದಿದ್ದವು. ಅವನ ಒಳ್ಳೆಯ ದಿನಗಳಲ್ಲೂ ಅಂಥ ಕಣ್ಣು ಬಿದ್ದಿರಲಿಲ್ಲ. ತಿರುಗಿ ಬಂದ ಹೀರಾಬಿ ನೋಡಿ ಇಟ್ಟಿಗೆ ಕೆಳಗಿಟ್ಟು, "ನನ್ನೇ ನೋಡಾಕತ್ತಾಳಲ್ರೀ" ಎಂದಳು. ಅದಾದ ಮೇಲೆ ಆ ಕೈ ಮತ್ತೆ ಯಾವ ಬೆಳಗೂ ಹಾಗೆ ನಿಲ್ಲಲಿಲ್ಲ. ಇರಲಿ, ಇನ್ನು ನಿಂತೇನಾಗಬೇಕು ಎಂದುಕೊಂಡ. ಬಿಸಿಲಿಗೆ ಗಟ್ಟಿಯಾಗುವ ಔಷಧಿ ಹಚ್ಚಿದ ಬಟ್ಟೆಯ ಮೇಲೆ ಚಿತ್ರವಿಟ್ಟು ಬಿಸಿಲಿಗೆ ಹಿಡಿದರು. ಎಲ್ಲರೂ ಶಾಪ ಹಾಕುವ ರಾಯಚೂರಿನ ಬಿಸಿಲು ಅಂದು ಉಪಕಾರ ಮಾಡಿತು, ಒಂದು ಗೆರೆಯೂ ಬಿಡದೆ ಅಮ್ಮ ಬಟ್ಟೆಗೆ ಇಳಿದಳು.

ಕೈಯ ಗುಟ್ಟು ಬಿಡಬಾರದಲ್ಲ, ಅದಕ್ಕೆ ದಸ್ತಗೀರ ಜಂಬದ ವೇಷ ಹಾಕಿದ. ಲಾರಿ ಬಯಲಿನಲ್ಲಿ ನಿಂತು, "ಕುಂಚದ ಕಾಲ ಮುಗೀತ್ರೋ! ಗುಲಾಮ್ ದಸ್ತಗೀರ್ ಇನ್ನ ಮ್ಯಾಲೆ ಕುಂಚ ಮುಟ್ಟಂಗಿಲ್ಲ. ಏನಿದ್ರೂ ಛಾಪಾ!" ಎಂದು ಡಂಗುರ ಹೊಡೆದ. ಯಂಕೋಬನ ಡ್ರೈವರು ಮೌನಪ್ಪ ಪಕ್ಕದಲ್ಲಿದ್ದ. ಕಣ್ಣು ಬಿಡಿಸಲಿಕ್ಕೆಂದೇ ಇಟ್ಟುಕೊಂಡಿದ್ದ ಅಳಿಲು ಕೂದಲಿನ ಕುಂಚವನ್ನು ಅವನ ಕೈಗೆ ತುರುಕಿ, "ತಗೋ, ಎಂಜಿನ್ ಧೂಳು ಹೊಡಿಯಾಕ ಆಗ್ತದ" ಎಂದ. ಮೌನಪ್ಪನ ಮುಖ ಸಣ್ಣದಾಯಿತು. "ಚಾಚಾ, ಹಂಗನಬ್ಯಾಡ್ರಿ" ಎಂದು ಜೇಬಿನಲ್ಲಿಟ್ಟುಕೊಂಡ. ಉಸ್ತಾದನಿಗೆ ಸೊಕ್ಕು ಬಂದಿದೆ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ! ಅಯ್ಯೋ ಪಾಪ ಎನ್ನಿಸಿಕೊಳ್ಳುವುದಕ್ಕಿಂತ ಅವನಿಗೆ ಅದೇ ಹಿತವಾಗಿತ್ತು.

ಮೊದಲ ಕೆಲಸ ಸಿಕ್ಕಿದ್ದು ದೇವದುರ್ಗದಲ್ಲಿ, ಹನುಮಂತ್ರಾಯನ ಬಟ್ಟೆ ಅಂಗಡಿಯ ಗಾಜಿಗೆ. ಹೈದರಾಬಾದಿನಿಂದ ತಂದಿದ್ದ ಚೌಕಟ್ಟಿನಿಂದ ತೆಗೆದ, ಸೀರೆಯ ಸೆರಗು ಹಾರುವಂಥ ದೊಡ್ಡ ಚಿತ್ರ. ಗಾಜಿನ ಒಳಗಿನಿಂದ ಅಂಟಿಸಿ, ಬಟ್ಟೆಯಿಂದ ತಿಕ್ಕಿ ಗುಳ್ಳೆ ತೆಗೆದು ಹೊರಗೆ ಬಂದು ನೋಡಿದರೆ ಬೀದಿಯೇ ನಿಂತು ನೋಡುತ್ತಿತ್ತು. ದೂರದ ಗುಂಜಹಳ್ಳಿಯಿಂದ ಬಂದವರೂ ಆ ಗಾಜಿನ ಮಾತನ್ನೇ ಆಡಿದರು. ಅದನ್ನು ಕಂಡೇ ಯಂಕೋಬ ತನ್ನ ಲಾರಿಗಳಿಗೆಲ್ಲ ಹುಲಿಗೆಮ್ಮನ ಛಾಪಾ ಹಾಕು ಎಂದ. ದಸ್ತಗೀರ ಮಾನ್ವಿಗೆ ಹೋಗಿ ಹಳೆಯ ಹಲಗೆಗಳನ್ನು ಉಜ್ಜಿಸಿ, ಅಮ್ಮನನ್ನು ಅಂಟಿಸಿದ. ಸಾಲಾಗಿ ನಿಂತ ಲಾರಿಗಳ ಮೇಲೆ ಒಂದೇ ಮುಖ, ಅದೇ ನೋಟ. ಯಂಕೋಬ ಕೆನ್ನೆ ಬಡಿದುಕೊಂಡ. ಮೌನಪ್ಪ ಮಾತ್ರ ತಲೆ ಕೆರೆದುಕೊಂಡು ಕೇಳಿದ:

"ಕಣ್ಣು ಬಿಟ್ಟs ಬಂದಾಳಲ್ರೀ ಚಾಚಾ. ನವಮಿಗಿ ಏನು ಮಾಡೋದು?"

"ಏನೂ ಮಾಡಾದು ಬ್ಯಾಡ. ನಾನು ಬಂದು ರುಮಾಲು ಸುತ್ತಿಸ್ಕೊಂಡು ಹೋಳಿಗಿ ಉಂಡು ಹೋಗ್ತೀನಿ" ಎಂದು ದಸ್ತಗೀರ ಗಹಗಹಿಸಿ ನಕ್ಕ. ಎಷ್ಟೋ ದಿನಗಳ ಮೇಲೆ ಹೊಟ್ಟೆಯಿಂದ ಬಂದ ನಗು ಅದು. ನವಮಿಯ ಹೆದರಿಕೆ ಆ ಹೊತ್ತಿಗೆ ಪೂರ್ತಿ ಬಿಟ್ಟುಹೋಗಿತ್ತು.

ಆ ವರ್ಷ, ಎಂಬತ್ಮೂರರ ಮಹಾನವಮಿಗೆ, ಹೀರಾಬಿಯನ್ನೂ ಕರೆದುಕೊಂಡು ಮಾನ್ವಿಗೆ ಹೊರಟ. ಚಳಿಗಾಲವೆಲ್ಲ ಇಟ್ಟಿಗೆ ಕಾಯಿಸಿದವಳು, ಅಮ್ಮ ಲಾರಿಯ ಮೇಲೆ ಹೇಗೆ ಕಾಣುತ್ತಾಳೆಂದು ನೋಡಬೇಕಿತ್ತು. ಅವಳು ಪೆಟ್ಟಿಗೆಯ ಅಡಿಯಿಂದ ಮದುವೆಯ ಕಾಲದ ದುಪ್ಪಟ್ಟಾ ತೆಗೆದು ಹೊದ್ದಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಎದುರಾದ ಲಾರಿಗಳ ಹಣೆ ನೋಡುತ್ತ, "ಇದು ನಮ್ದಲ್ಲ, ಇದೂ ನಮ್ದಲ್ಲ" ಎನ್ನುತ್ತಿದ್ದಳು.

ಯಂಕೋಬನ ಅಂಗಳದ ಬಾಗಿಲಲ್ಲೇ ಏನೋ ಸರಿಯಿಲ್ಲ ಎನ್ನಿಸಿತು. ಹಬ್ಬದ ಮನೆಯ ಗದ್ದಲವಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದು ಗೋಡೆಗೆ ಒರಗಿದ್ದಾರೆ. ಕ್ಲೀನರುಗಳು ಕೈಯಲ್ಲಿ ಚಿಂದಿ ಬಟ್ಟೆ ಹಿಡಿದು ತಪ್ಪು ಮಾಡಿದವರಂತೆ ನಿಂತಿದ್ದಾರೆ. ಗಾಳಿಯಲ್ಲಿ ಗಮ್ಮೆಂದು ಸೀಮೆಎಣ್ಣೆಯ ವಾಸನೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ದಸ್ತಗೀರನಿಗೆ ಎಲ್ಲ ತಿಳಿದುಹೋಯಿತು. ಮೇಲೆ ನೋಡುವ ಮೊದಲೇ ತಿಳಿಯಿತು.

ಆಯುಧಪೂಜೆಗೆ ಲಾರಿ ತೊಳೆದ ಮೇಲೆ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೈಯೆಲ್ಲ ಒರೆಸುತ್ತಾರೆ. ಜಿಡ್ಡು ಹೋಗಿ ಬಣ್ಣ ಫಳಫಳ ಹೊಳೆಯುತ್ತದೆ. ಇವತ್ತು ನಿನ್ನೆಯ ರೂಢಿಯಲ್ಲ, ಲಾರಿ ಹುಟ್ಟಿದಾಗಿನಿಂದ ಇದೆ. ಹಾಗೆ ಒರೆಸಿ ಎಂದು ಎಷ್ಟೋ ಡ್ರೈವರುಗಳಿಗೆ ಹೇಳಿಕೊಟ್ಟವನೇ ದಸ್ತಗೀರ. ಎನಾಮೆಲ್ ಒಮ್ಮೆ ಒಣಗಿತೆಂದರೆ ಸೀಮೆಎಣ್ಣೆ ಅದಕ್ಕೆ ಏನೂ ಮಾಡದು. ಆದರೆ ಛಾಪಾದ ಬಣ್ಣ ಎನಾಮೆಲ್ ಅಲ್ಲವಲ್ಲ! ಪ್ರತಿ ಸಂಜೆ ಬಟ್ಟೆಯ ಚೌಕಟ್ಟಿಗೆ ಅಂಟಿ ಒಣಗಿದ ಬಣ್ಣವನ್ನು ಅವನು ಯಾವುದರಿಂದ ತೊಳೆಯುತ್ತಿದ್ದ? ಸೀಮೆಎಣ್ಣೆಯಿಂದಲೇ. ಒಣಗಿದ ಬಣ್ಣ ಕರಗಿ ಕಣ್ಣೆದುರೇ ಹರಿಯುವುದನ್ನು ದಿನವೂ ನೋಡಿದ್ದ. ನೋಡಿಯೂ ಎನಾಮೆಲಿನವನ ಬುದ್ಧಿ, ಒಣಗಿದ್ದು ಒಣಗಿತು ಎಂದೇ ನಂಬಿತ್ತು. ಥೂ ನಿನ್ನ, ಇಷ್ಟು ಕುರುಡನೇ ನೀನು ಎಂದು ಒಳಗೇ ಬೈದುಕೊಂಡ.

ಆಮೇಲೆ ತಲೆ ಎತ್ತಿದ. ಹುಲಿಗೆಮ್ಮನ ಕುಂಕುಮ ಮೂಗಿನ ಮೇಲೆ ಹರಡಿತ್ತು. ತುಟಿ ಗದ್ದಕ್ಕೆ ಇಳಿದಿತ್ತು. ಕಣ್ಣಿನ ಜಾಗದಲ್ಲಿ ಕರಿ ಮಸಿ ಸೋರಿ ಕೆನ್ನೆಯ ಮೇಲೆ ಬಂದಿತ್ತು. ಪಕ್ಕದ ಲಾರಿಯಲ್ಲೂ ಹಾಗೇ, ಅದರ ಪಕ್ಕದ್ದರಲ್ಲೂ ಹಾಗೇ. ಹೀರಾಬಿ "ಯಾ ಅಲ್ಲಾ" ಎಂದು ಅಲ್ಲೇ ಕುಸಿದು ಕುಳಿತಳು.

ಮೌನಪ್ಪ ಓಡಿ ಬಂದ. ಅವನ ಕೈಯೆಲ್ಲ ಅಮ್ಮನ ಬಣ್ಣವಾಗಿತ್ತು. "ಚಾಚಾ, ನಾನs ಒರಸಿದೆ. ವರ್ಷಾ ವರ್ಷಾ ಒರಸ್ದಂಗ ಒರಸಿದೆ. ನನ್ನ ಕೈಯಾಗ ಆಕಿ ಕಣ್ಣು ಹೋತು ಚಾಚಾ!" ಎಂದು ಮಗುವಿನಂತೆ ಅತ್ತ.

"ನಿಂದೇನೂ ತಪ್ಪಿಲ್ಲಪ್ಪಾ" ಎಂದ ದಸ್ತಗೀರ. ಹೈದರಾಬಾದಿನಲ್ಲಿ ಇದಕ್ಕಿಂತ ಗಟ್ಟಿ ಬಣ್ಣ ಇದ್ದೀತು, ಮೇಲೆ ವಾರ್ನಿಶ್ ಎಳೆದರೆ ನಿಂತೀತು ಎಂದು ತಲೆಯ ಒಂದು ಮೂಲೆ ಹೇಳುತ್ತಿತ್ತು. ಆದರೆ ಗೋಡೆಗೆ ಒರಗಿದ ಹೆಂಗಸರ ಮುಖ ನೋಡಿದ ಮೇಲೆ ಆ ಮಾತು ನಾಲಗೆಗೆ ಬರಲಿಲ್ಲ. ನವಮಿಯ ದಿನ ಕರಗಿಹೋದ ದೇವಿಯನ್ನು ಇನ್ನು ಯಾವ ಲಾರಿಯವನು ಹಣೆಗೆ ಹಚ್ಚಿಸಿಕೊಂಡಾನು? ಅವನು ರಾಯಚೂರು ಮುಟ್ಟುವ ಮೊದಲೇ ಸುದ್ದಿ ಲಾರಿ ಬಯಲು ಮುಟ್ಟಿರುತ್ತದೆ.

ಯಂಕೋಬ ದೊಡ್ಡ ಮನಸ್ಸಿನವ. ಬೈಯಲಿಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಬೈದಿದ್ದರೇ ಚೆನ್ನಾಗಿತ್ತು.

"ಆಗಿದ್ದಾತು ಬಿಡ್ರಿ ಉಸ್ತಾದ್. ಛಾಪಾ ಹಾಳಾಗಿ ಹೋಗ್ಲಿ. ನೀವೇ ಇದ್ದೀರಲ್ಲ! ಆಕಿ ಮಾರಿ ಗುರ್ತು ಹೆಂಗೂ ಉಳದದ, ಎರಡು ಕಣ್ಣು ಬಿಡಿಸ್ರಿ ಸಾಕು. ಪೂಜಿ ನಡಸ್ತೀವಿ."

ಸುತ್ತಲಿದ್ದವರ ಮುಖದಲ್ಲಿ ಕಳೆ ಬಂತು. ಹೌದಲ್ಲ, ಉಸ್ತಾದನೇ ಇದ್ದಾನಲ್ಲ. ಹೀರಾಬಿ ನೆಲದಿಂದ ಧಡಕ್ಕನೆ ಎದ್ದಳು. ಎಂದೂ ಗಂಡಸರ ಮುಂದೆ ಮಾತಾಡದವಳು ಗಂಟಲು ಎತ್ತರಿಸಿ ಹೇಳಿದಳು: "ಅವ್ರು ಕುಂಚ ಮುಟ್ಟಂಗಿಲ್ರೀ ಸಾವ್ಕಾರ್ರ. ದರ್ಗಾದಾಗ ಆಣಿ ಮಾಡ್ಯಾರ."

ಯಂಕೋಬನ ಮುಖ ಕೆಂಪಾಯಿತು. "ಆಣಿ ಏನ್ರೀ ಯವ್ವಾ? ನಿಮ್ಮ ಆಣಿ ಸಲುವಾಗಿ ನಮ್ಮವ್ವ ಕುರುಡಿ ಆಗಿ ಕುಂದ್ರಬೇಕೇನು? ಇಷ್ಟು ವರ್ಷ ಇವರ ಕೈ ಮುಂದ ತಲಿ ಬಗ್ಗಿಸೀವಿ ನಾವು. ಅಷ್ಟು ಸೊಕ್ಕು ಬಂತೇನ್ರೀ ಉಸ್ತಾದ್?"

ಸೊಕ್ಕು ಎಂದುಕೊಳ್ಳಲಿ ಎಂದು ಬಿಡಬಹುದಿತ್ತು. ಹೆಂಡತಿ ಇಲ್ಲದ ಆಣೆ ಹೇಳಿ ದಾರಿ ತೆರೆದುಕೊಟ್ಟಿದ್ದಳು, ಹಿಂತಿರುಗಿ ಬಸ್ಸು ಹತ್ತಬಹುದಿತ್ತು. ಅಷ್ಟರಲ್ಲಿ ಮೌನಪ್ಪ ಲಾರಿಯೊಳಗೆ ಕೈ ಹಾಕಿ, ದೇವರ ಫೋಟೋದ ಹಿಂದಿನಿಂದ ಕೆಂಪು ವಸ್ತ್ರದ ಸಣ್ಣ ಗಂಟೊಂದನ್ನು ತೆಗೆದ. ಬಿಚ್ಚಿದರೆ ಆ ಅಳಿಲು ಕೂದಲಿನ ಕುಂಚ. ಧೂಳು ಹೊಡೆಯಲೆಂದು ಕೊಟ್ಟದ್ದನ್ನು ಅವನು ಊದುಬತ್ತಿ ಬೆಳಗಿ ಇಟ್ಟುಕೊಂಡಿದ್ದ. "ಇಕೊಳ್ರಿ ಚಾಚಾ" ಎಂದು ಎರಡೂ ಕೈಯಲ್ಲಿ ಹಿಡಿದ. ಅದನ್ನು ಬೇಡ ಎನ್ನುವ ಶಕ್ತಿ ದಸ್ತಗೀರನಿಗೆ ಇರಲಿಲ್ಲ.

ಬಂಪರ್ ಹತ್ತಿದ. ಕ್ಲೀನರು ಎತ್ತಿಕೊಟ್ಟ ಕರಿ ಬಣ್ಣದ ಡಬ್ಬಿಗೆ ಕುಂಚ ಅದ್ದಿದ. ಕೆಳಗೆ ಎಲ್ಲರೂ ಕೈಮುಗಿದರು. ಎಡಗೈಯಿಂದ ಬಲ ಮುಂಗೈಯನ್ನು ಬಿಗಿ ಹಿಡಿದು, ಉಸಿರು ಕಟ್ಟಿ, ಕುಂಚದ ತುದಿಯನ್ನು ಕಣ್ಣಿನ ಜಾಗಕ್ಕೆ ಒಯ್ದ. ಯಾ ರಬ್, ಇದೊಂದು ಸಲ ಎಂದ. ತುದಿ ಹಲಗೆಗೆ ತಾಗುವ ಮೊದಲೇ ಕೈ ಕುಣಿಯಿತು. ಕರಿ ಚುಕ್ಕೆ ಮೂಗಿನ ಮೇಲೆ ಬಿತ್ತು. ಮತ್ತೆ ಇಟ್ಟ. ಗೆರೆ ಕೆನ್ನೆಯುದ್ದಕ್ಕೂ ಸೀಳಿಕೊಂಡು ಹೋಯಿತು. ಮತ್ತೊಮ್ಮೆ ಇಡಲು ಹೋದಾಗ ಎಡಗೈಯೂ ನಡುಗತೊಡಗಿತು. ಮುಗಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಯಾವಾಗಿಂದ್ರೀ ಇದು?" ಎಂದು ಯಂಕೋಬ ಮೆಲ್ಲಗೆ ಕೇಳಿದ.

ದಸ್ತಗೀರ ತಿರುಗದೆ ಹೇಳಿದ: "ನಿಮ್ಮ ಲಾರಿ ಹಿಂದ ಬಳ್ಳಿ ಹಾಕಿದಾಗಿಂದ, ಸಾವ್ಕಾರ್ರ."

ಯಂಕೋಬನಿಗೆ ಆ ಬಳ್ಳಿ ನೆನಪಿತ್ತು. ರುಮಾಲಿನ ತುದಿಯಿಂದ ಕಣ್ಣೊತ್ತಿಕೊಂಡ. "ಮಾರಿ ಕೆಟ್ಟ ಮೂರ್ತಿಗಿ ಪೂಜಿ ಮಾಡಬಾರದು. ಒರಸಿಬಿಡೋ ಮೌನಪ್ಪ" ಎಂದ. ಮೌನಪ್ಪ ಚಿಂದಿ ಬಟ್ಟೆ ಸೀಮೆಎಣ್ಣೆಗೆ ಅದ್ದಿದ. ದಸ್ತಗೀರ ಕೆಳಗಿಳಿದು ಅದನ್ನು ಅವನ ಕೈಯಿಂದ ತೆಗೆದುಕೊಂಡ.

"ನಾನು ಬರದದ್ದು. ನಾನs ಒರಸ್ತೀನಿ."

ಒಂದೊಂದೇ ಲಾರಿ ಹತ್ತಿ ಒರೆಸುತ್ತ ಹೋದ. ಬಣ್ಣ ಮೊಣಕೈಯವರೆಗೆ ಇಳಿಯಿತು. ಸಾಲಿನ ಕೊನೆಯ ಲಾರಿ ಕುರ್ಡಿ ಊರಿಗೆ ಬಾಡಿಗೆಗೆ ಹೋಗಿ ಆಗತಾನೇ ಬಂದಿತ್ತು, ಅದನ್ನಿನ್ನೂ ಯಾರೂ ಮುಟ್ಟಿರಲಿಲ್ಲ. ಧೂಳಿನ ಅಡಿಯಿಂದ ಹುಲಿಗೆಮ್ಮ ನೆಟ್ಟಗೆ ನೋಡುತ್ತಿದ್ದಳು. ಒಂದೇ ಉಸಿರಿನಲ್ಲಿ ಬಂದಿದ್ದ ಆ ಕಣ್ಣುಗಳು, ಅದೇ ನೋಟ.

ಹೀರಾಬಿ ಓಡಿ ಬಂದು ಬಟ್ಟೆಯ ತುದಿ ಹಿಡಿದುಕೊಂಡಳು. "ಇದೊಂದು ಬಿಡ್ರಿ. ನಿಮ್ಮ ಕಾಲು ಬೀಳ್ತೀನಿ, ಇದೊಂದು ಇರ್ಲಿ." ಯಂಕೋಬನೂ "ಇರ್ಲಿ ಬಿಡ್ರಿ ಉಸ್ತಾದ್" ಎಂದ.

"ಬರೋ ವರ್ಷ ಯಾರೋ ಒರಸ್ತಾರ" ಎಂದ ದಸ್ತಗೀರ. "ಮತ್ತೊಬ್ರ ಕೈಯಾಗ ಯಾಕ ಹೋಗಬೇಕು?"

ಅವಳ ಬೆರಳು ಬಿಡಿಸಿ ಬಂಪರ್ ಹತ್ತಿದ. ಮೊದಲು ಧೂಳು ಹೋಯಿತು, ಮುಖ ತೊಳೆದಂತೆ ಬೆಳ್ಳಗೆ ಕಂಡಿತು. ಆಮೇಲೆ ಕುಂಕುಮ ಹೋಯಿತು, ಮೂಗುತಿ ಹೋಯಿತು. ಕಣ್ಣುಗಳನ್ನು ಕೊನೆಗೆ ಒರೆಸಿದ. ಅವನ ಕೈ ಆಗಲೂ ನಡುಗುತ್ತಲೇ ಇತ್ತು. ಒರೆಸುವ ಕೆಲಸಕ್ಕೆ ಅದರಿಂದ ಏನೂ ಅಡ್ಡಿಯಾಗಲಿಲ್ಲ.